ಮೈಕಿನಲ್ಲಿ ಹೇಳಿದ ಹೆಸರು

ಹಟ್ಟಿ
ಸೋಮವಾರ, ೧೮ ಆಗಸ್ಟ್ ೨೦೨೫

ಪ್ರೀತಿಯ ಅಮ್ಮಿಗೆ,

ಸಲಾಂ. ಫೋನಿನಲ್ಲಿ ಎರಡು ಸಲ ಶುರು ಮಾಡಿದೆ. ಒಂದು ಸಲ ಉಂಡಿಯೇನು ಅಂತ ಕೇಳಿದೆ ನೀನು, ಇನ್ನೊಂದು ಸಲ ಶಿಫ್ಟ್ ಬದಲಾತೇನು ಅಂತ. ನಾನು ಏನು ಹೇಳಲು ಹೊರಟಿದ್ದೇನೆಂದು ನಿನಗೆ ಗೊತ್ತಾಗಿತ್ತು, ಹೇಳಲು ಬಿಡಬಾರದೆಂದೂ ನೀನು ತೀರ್ಮಾನಿಸಿದ್ದೆ. ಅದಕ್ಕೇ ಕಾಗದ.

ಲಿಂಗಸುಗೂರಿನ ಬೈಕ್ ರೇಸ್ ಮುಗಿದು ಎಂಟು ದಿನವಾಯಿತು. ಕಪ್ ನನ್ನ ಕೋಣೆಯ ಕಿಟಕಿಯಲ್ಲಿದೆ. ಅದರ ಮೇಲೆ ಟವೆಲ್ ಹಾಕಿಟ್ಟಿದ್ದೇನೆ.

ಹಿಂದಿನ ದಿನದ ಮಳೆಗೆ ಅವತ್ತು ಎರೆ ನೆಲ ಅಂಟಾಗಿತ್ತು. ಉಳಿದವರೆಲ್ಲ ಗಾಡಿ ಒರೆಸಿ ಹೊಳಪು ಮಾಡುತ್ತಿದ್ದಾಗ ನೀನು ಬುರ್ಖಾದ ತೋಳು ಮೇಲೇರಿಸಿ ಮುಂದಿನ ಮಡ್ಗಾರ್ಡ್ ಬಿಚ್ಚಿದೆ. ಅದರೊಳಗೆ ಮಣ್ಣು ತುಂಬಿದರೆ ಗಾಲಿ ಹಿಡಿದುಬಿಡುತ್ತದೆ; ಮಾರಿಗೆ ಕೆಸರು ಬಡಿದ್ರ ಬಡೀಲಿ, ಗಾಲಿ ತಿರುಗ್ಲಿ ಅಂದೆ. ತಿರುವಿನಲ್ಲಿ ನುಣ್ಣಗೆ ಕಾಣುವ ಒಳದಾರಿ ಬಿಟ್ಟು ಹೊರಗೆ ಹುಲ್ಲಿನ ಮೇಲೆ ಹೋಗು ಅಂದೆ. ನಾಲ್ಕನೇ ಸುತ್ತಿಗೆ ನನ್ನ ಮುಂದಿದ್ದ ಇಬ್ಬರ ಗಾಲಿಗಳು ಮಣ್ಣು ತುಂಬಿ ನಿಂತೇಬಿಟ್ಟವು. ನಾನು ಹುಲ್ಲಿನ ಮೇಲೆ ದಾಟಿದೆ. ನನ್ನ ಗೆಲುವು ಇಷ್ಟೇ.

ಆಮೇಲೆ ಸಿಂಧನೂರಿನ ರೈಡರುಗಳ ಸಂಘದ ಶರಣಬಸವ ಮೈಕ್ ಹಿಡಿದು, ಹೇಳ್ಪಾ ಶಾಕೀರಾ, ಗಾಡಿ ಕಲಿಸಿದ ಗುರು ಯಾರು ಅಂತ ಕೇಳಿದ. ನೀನು ನನ್ನ ಹೆಲ್ಮೆಟ್ ಹಿಡಿದು ಎದುರಿಗೇ ನಿಂತಿದ್ದೆ, ಹತ್ತು ಹೆಜ್ಜೆ ದೂರದಲ್ಲಿ. ನಾನು, ನಮ್ಮ ಅಬ್ಬಾ ಅಂದೆ. ಜವಳಗೇರಾದ ಜಿಲಾನಿಸಾಬ್ ಅಂತ ಊರು, ಹೆಸರು ಎರಡನ್ನೂ ಸೇರಿಸಿದೆ. ಜನ ಚಪ್ಪಾಳೆ ಹೊಡೆದರು. ನೀನೂ ಹೆಲ್ಮೆಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊಡೆದೆ.

ಅಬ್ಬಾ ಗಾಡಿಯಲ್ಲಿ ನಿನ್ನ ಹಿಂದೆ ಕೂತರೂ ರೋಡ್ ಹಂಪ್ ಬಂದಾಗ ಕಣ್ಣು ಮುಚ್ಚುವವರು. ಸಿಂಧನೂರಿನ ಬಟ್ಟೆ ಅಂಗಡಿಯಿಂದ ಮನೆಗೆ ಬಸ್ಸಿನಲ್ಲೇ ಬರುವವರು. ಮಸ್ಕಿಯಲ್ಲಿ ನಿನ್ನಪ್ಪನ, ನಮ್ಮ ನಾನಾನ, ಗ್ಯಾರೇಜಿನಲ್ಲಿ ಬೆಳೆದವಳು ನೀನು. ರಿಪೇರಿಯಾದ ಗಾಡಿಯನ್ನು ಓಡಿಸಿ ನೋಡಿ ಸರಿಯಾಗಿದೆ ಅಂತ ಹೇಳುವ ಕೆಲಸ ಹನ್ನೆರಡನೇ ವಯಸ್ಸಿಗೇ ನಿನ್ನದಾಗಿತ್ತು. ಫಜರ್ ನಮಾಜಿನ ನಂತರ ಕಾಲುವೆ ದಂಡೆಯ ಮೇಲೆ ನನಗೆ ಕಲಿಸಿದವಳೂ ನೀನೇ. ನಾನು ಗದ್ದೆಯೊಳಗೆ ಬಿದ್ದಾಗ ನೀನು ಎತ್ತಲು ಬರಲಿಲ್ಲ. ಮೊದಲ ಗಾಡಿ ಬಂದ್ ಮಾಡಲೇ, ಆಮ್ಯಾಗ ಅಳು ಅಂದೆ. ಆ ಮುಂಜಾವುಗಳಿಗಿಂತ ಒಳ್ಳೆಯದು ನನಗೆ ಇವತ್ತಿಗೂ ಏನೂ ಸಿಕ್ಕಿಲ್ಲ.

ಹಾಗಿದ್ದೂ ಯಾಕೆ ಆ ಹೆಸರು ಹೇಳಿದೆ? ಎಂಟು ದಿನದಿಂದ ನನಗೆ ನಾನೇ ಕಾರಣ ಕೊಟ್ಟುಕೊಂಡಿದ್ದೇನೆ. ಗಾಬರಿಯಾಗಿತ್ತು ಅಂತ, ಅಬ್ಬಾಗೆ ಖುಷಿಯಾಗಲಿ ಅಂತ. ಸುಳ್ಳು. ಗಾಬರಿಯೇ ಆಗಿದ್ದರೆ ರೇಸಿಗೆ ಮೊದಲು ಆ ಇನ್ನೊಂದು ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ. ಗಣಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಕನಕರಾಜ ನೋಡಲು ಬಂದಿದ್ದನಲ್ಲ, ನೀನು ಚೈನ್ ಬಿಗಿ ಮಾಡುವಾಗ, ಯಾರಲೇ ಆಕಿ, ಪಾನಾ ಹಿಡ್ಕೊಂಡು ಕುಂತಾಳಲ್ಲ ಅಂತ ನಕ್ಕ. ನಾನು, ಗ್ಯಾರೇಜಿನ ಕೆಲಸದಾಕಿ ಅಂದೆ.

ನಿನ್ನ ಕೈ ಒಂದು ಸಲ ನಿಂತಿತು. ಮತ್ತೆ ನೀನು ಚೈನ್ ತಿರುಗಿಸತೊಡಗಿದೆ. ನಿನಗೆ ಕೇಳಿಸಿಲ್ಲ ಅಂತ ಇಷ್ಟು ದಿನ ನಂಬಿದ್ದೆ. ನಂಬಿದ್ದೆ ಅನ್ನುವುದೂ ಸುಳ್ಳು.

ಈಗ ಬರುವ ಭಾನುವಾರ ಸಿಂಧನೂರಿನಲ್ಲಿ ಸಂಘದವರಿಂದ ಗುರುವಿಗೆ ಸನ್ಮಾನವಂತೆ. ಶಾಲು, ಹಾರ, ಪೇಟ. ಅಬ್ಬಾ ಮೊದಲು ನಕ್ಕು, ನಾ ಸೈಕಲ್ ಸುದ್ದಾ ನೆಟ್ಟಗ ಹೊಡ್ಯಂಗಿಲ್ಲೋ ಮಾರಾಯಾ ಅಂದಿದ್ದರು. ಅಂಗಡಿಗೆ ಬಂದವರೆಲ್ಲ ಕೈ ಕುಲುಕಿದ ಮೇಲೆ, ಮಗಗ ತಿರುವು ಹೊಡ್ಯಾದು ನಾನೇ ಕಲಿಸೀನಿ ಅಂತ ಹೇಳಾಕತ್ತ್ಯಾರ ಅಂತ ನೀನೇ ಫೋನಿನಲ್ಲಿ ತಿಳಿಸಿದೆ. ಅವರ ಜುಬ್ಬಾಕ್ಕೆ ಇಸ್ತ್ರಿ ಮಾಡಿಟ್ಟೆ ಅಂತಲೂ ಹೇಳಿದೆ. ನಿನ್ನ ದನಿಯಲ್ಲಿ ಏನೂ ಇರಲಿಲ್ಲ. ಆ ಏನೂ ಇಲ್ಲದ್ದನ್ನು ಕೇಳಿ ನಾನು ಊಟ ಬಿಟ್ಟು ಎದ್ದೆ.

ನಿನ್ನೆ ಶರಣಬಸವನಿಗೆ ಫೋನ್ ಮಾಡಿ ನಿಜ ಹೇಳಿದೆ. ಮಷ್ಕಿರಿ ಮಾಡಬ್ಯಾಡಪ, ನಿಮ್ಮಪ್ಪನ ಫೋಟೊ ಹಾಕಿ ಫ್ಲೆಕ್ಸ್ ಮಾಡಿಸೇವಿ ಅಂತ ನಕ್ಕ. ಮಷ್ಕಿರಿ ಅಲ್ಲ ಅಂದೆ. ಕಡೆಗೆ, ಮನ್ಯಾಗ ನೀವು ನೀವು ಮಾತಾಡ್ಕೊಂಡು ಬರ್ರಿ, ಕುರ್ಚಿ ಮ್ಯಾಲೆ ಯಾರು ಕುಂದರ್ತಾರ ಅವರಿಗೇ ಶಾಲು ಹೊದಿಸ್ತೀವಿ ಅಂದ.

ಅಮ್ಮಿ, ಆ ಕುರ್ಚಿಯ ಮೇಲೆ ನೀನು ಕೂಡಬೇಕು. ಕನಕರಾಜನೂ ಬರುತ್ತಾನೆ. ಅವನ ಎದುರಿಗೇ, ನಾನು ನಿನ್ನನ್ನು ಏನೆಂದು ಕರೆದೆ, ನೀನು ಯಾರು, ಎರಡನ್ನೂ ಹೇಳುತ್ತೇನೆ. ನೀನು ಬರದಿದ್ದರೂ ಹೇಳುತ್ತೇನೆ. ಆದರೆ ನೀನಿಲ್ಲದ ಕಡೆ ಹೇಳಿದರೆ ಅದು ನನಗೆ ಸುಲಭವಾಗಿಬಿಡುತ್ತದೆ. ಸುಲಭವಾದದ್ದನ್ನು ಒಂದು ಸಲ ಮಾಡಿ ನೋಡಿದ್ದಾಯಿತು.

ನಾಚಿಕೆಯಿಂದ, ನಿನ್ನ ಮಗ
ಶಾಕೀರ್

ತಾ.ಕ.: ಅಬ್ಬಾ, ಅಮ್ಮಿಗೆ ಓದಲು ಬರುವುದು ಉರ್ದು ಮಾತ್ರ, ನನಗೆ ಬರೆಯಲು ಬರುವುದು ಕನ್ನಡ ಮಾತ್ರ. ಇದನ್ನು ನೀವೇ ಆಕೆಗೆ ಓದಿ ಹೇಳುತ್ತೀರಿ ಅಂತ ಗೊತ್ತಿದ್ದೇ ಬರೆದೆ. ಈ ಸನ್ಮಾನ ನಿಮ್ಮದಲ್ಲ ಅಂತ ನಿಮ್ಮ ಎದುರು ನಿಂತು ಹೇಳುವ ಧೈರ್ಯ ನನಗಿಲ್ಲ. ಓದುತ್ತಾ ಓದುತ್ತಾ ನೀವು ಯಾವುದಾದರೂ ಸಾಲು ಬಿಟ್ಟಿದ್ದರೆ ತಪ್ಪು ನಿಮ್ಮದಲ್ಲ, ಆ ದಾರಿ ತೋರಿಸಿದವನು ನಾನು. ಆದರೆ ಈಗ ಹಿಂದಕ್ಕೆ ಹೋಗಿ ಅದನ್ನೂ ಓದಿಬಿಡಿ.