ಗ್ರೀಸ್ ಹಿಡಿಯದ ಆರು ನಿಪ್ಪಲ್

ಅಣ್ಣಾ,

ವ್ಯಾನಿಗೆ ಗ್ರೀಸ್ ಹೋಗ್ತಿಲ್ಲ ಅಂತ ಗ್ರೀಸ್ ಗನ್ ಮೇಲೆ ಸಿಟ್ಟು ತೀರಿಸ್ಕೋಬೇಡ, ಅದು ಚೆನ್ನಾಗೇ ಇದೆ. ಹೋದ ವಾರ ಅಪ್ಪ ವ್ಯಾನಿನ ಕೆಳಗೆಲ್ಲ ಕಪ್ಪು ಬಣ್ಣ ಬಳಿದ್ರಲ್ಲ, ಚಕ್ರದ ಹತ್ತಿರ ಗ್ರೀಸ್ ತುಂಬೋ ಆರೂ ನಿಪ್ಪಲ್ ಬಾಯಿ ಅದರಲ್ಲೇ ಮುಚ್ಚಿಹೋಗಿದೆ.

ನಾಲ್ಕನ್ನ ನಾನು ಸೂಜಿಯಲ್ಲಿ ಬಿಡಿಸಿದೀನಿ. ಉಳಿದೆರಡಕ್ಕೆ ಥಿನ್ನರ್ ಹಚ್ಚಿ ಕೆರೆದು ನೋಡು, ಆಗದಿದ್ರೆ ಹೊಸದು ಹಾಕು. ಪಕ್ಕದಲ್ಲಿ ಉಕ್ಕಿದ್ದನ್ನ ಒರೆಸಿ ಆಯ್ತು ಅನ್ನೋ ನಿನ್ನ ಚಾಳಿ ಬೇಡ. ಹಳೇ ಗ್ರೀಸ್ ಹೊರಗೆ ಬರೋವರೆಗೂ ಒತ್ತು.

ನಿಪ್ಪಲ್ ಮೇಲೆ ಒಂದು ಹನಿ ಬಣ್ಣ ಬಿದ್ರೂ ನಮ್ಮಿಬ್ಬರ ಕಿವಿ ಹಿಂಡ್ತಿದ್ದ ಅಪ್ಪನಿಗೆ ಆರರಲ್ಲಿ ಒಂದೂ ಕಾಣಿಸಿಲ್ಲ.

ಅವರ ಹತ್ತಿರ ಬಣ್ಣದ ಮಾತು ಎತ್ತಬೇಡ. ಸಂಜೆ ಮಕ್ಕಳನ್ನ ಶಾಲೆಯಿಂದ ಅಪ್ಪ ವ್ಯಾನಲ್ಲಿ ಕರ್ಕೊಂಡು ಬರೋದು ಬೇಡ, ನೀನೇ ನಡೆಸ್ಕೊಂಡು ಬಾ. ಅಪ್ಪ ಕೀ ಕೇಳಿದ್ರೆ ನನ್ನ ಹತ್ತಿರ ಇದೆ ಅನ್ನು. ನಿನಗೆ ಸುಳ್ಳು ಹೇಳೋಕೆ ಬರಲ್ಲ ಅಂತ ನಿಜವಾಗ್ಲೂ ತಗೊಂಡು ಹೋಗ್ತಿದೀನಿ.