ಐದು ಮೀಟರ್ ಎಂದು ಬರೆದವರು ಯಾರು?

ಹೆದ್ದಾರಿ ವಿಭಾಗದ ಮುಖ್ಯ ಎಂಜಿನಿಯರ್ ಅವರಿಗೆ,

ಮಾನ್ಯರೇ, ಕಳೆದ ತಿಂಗಳು ಹೆದ್ದಾರಿಯ ಮೇಲುಸೇತುವೆಗೆ ಲಾರಿಯೊಂದು ಬಡಿದು ಕಾಂಕ್ರೀಟಿನ ತೊಲೆ ಒಡೆಯಿತು. ಎರಡೇ ಗಂಟೆಯಲ್ಲಿ ‘ಚಾಲಕನ ನಿರ್ಲಕ್ಷ್ಯ’ ಎಂದು ನಿಮ್ಮ ಕಚೇರಿಯ ಪ್ರಕಟಣೆ ಹೊರಬಿತ್ತು. ಅಷ್ಟು ಹೊತ್ತಿಗೆ ನಿಮ್ಮವರು ಒಬ್ಬರೂ ಸ್ಥಳಕ್ಕೆ ಬಂದಿರಲಿಲ್ಲ. ಅದೇ ಸೇತುವೆಯ ದೀಪ ಕೆಟ್ಟಿದೆ ಎಂದು ಕೊಟ್ಟ ಅರ್ಜಿಗೆ ಎರಡು ವರ್ಷದಿಂದ ಉತ್ತರ ಬರೆಯಲಾಗದ ಕಚೇರಿಗೆ, ಅಪರಾಧಿಯನ್ನು ಹುಡುಕಲು ಎರಡು ಗಂಟೆ ಸಾಕಾಯಿತು. ಈ ಚುರುಕುತನ ಕಂಡು ನನಗೆ ಹೇಸಿಗೆಯಾಗುತ್ತಿದೆ.

ಆ ಚಾಲಕ ನನ್ನ ಸೋದರಮಾವ. ಪಕ್ಷಪಾತಿ ಎನ್ನುವಿರಾ, ಎನ್ನಿ. ಅಳತೆಗೆ ನೆಂಟಸ್ತಿಕೆ ಗೊತ್ತಿಲ್ಲ. ಮೂವತ್ತೊಂದು ವರ್ಷ ಲಾರಿ ಓಡಿಸಿರುವ ಮಾವ, ಲೋಡ್ ಕಟ್ಟಿದ ಮೇಲೆ ಪಕ್ಕದಲ್ಲಿ ಬಿದಿರಿನ ಗಳ ನಿಲ್ಲಿಸಿ ಎತ್ತರ ನೋಡದೆ ಹೊರಟವರಲ್ಲ. ಅಂದು ಹೇರಿದ್ದು ದೊಡ್ಡ ಟ್ರಾನ್ಸ್‌ಫಾರ್ಮರ್. ನೆಲದಿಂದ ತುದಿಯವರೆಗೆ ನಾಲ್ಕು ಮೀಟರ್ ಎಂಬತ್ತೈದು ಸೆಂಟಿಮೀಟರ್. ಮಿತಿ ಮೀರಿದ ಸರಕು, ನಿಜ. ಅದಕ್ಕೇ ನಿಮ್ಮ ಪರವಾನಗಿ ಪಡೆದಿದ್ದರು. ಅದೇ ಎತ್ತರ ಬರೆದು, ಇದೇ ದಾರಿಯಲ್ಲಿ ಹೋಗಬೇಕೆಂದು ಮೊಹರು ಒತ್ತಿದ್ದು ನೀವೇ. ಸೇತುವೆಯ ಬೋರ್ಡ್ ಐದು ಮೀಟರ್ ಎಂದಿತು. ಅರ್ಧ ಅಡಿ ಜಾಗ ಇದೆಯಲ್ಲ ಎಂದುಕೊಂಡು ಮಾವ ಮೆಲ್ಲಗೆ ಲಾರಿ ಬಿಟ್ಟರು.

ಸೇತುವೆಯ ಬುಡದಲ್ಲೇ ನಮ್ಮ ಪಂಕ್ಚರ್ ಅಂಗಡಿ. ಅಪ್ಪ ಕಟ್ಟಿಸಿದಾಗ ರಸ್ತೆಯಿಂದ ಒಂದು ಮೆಟ್ಟಿಲು ಹತ್ತಿ ಒಳಗೆ ಬರಬೇಕಿತ್ತು. ನೀವು ಹಳೆಯ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಮೂರು ಸಲ ಹೊಸ ಪದರ ಎಳೆದಿರಿ. ಈಗ ಗಿರಾಕಿಗಳು ಅಂಗಡಿಯೊಳಗೆ ಇಳಿದು ಬರುತ್ತಾರೆ, ಎಡವುತ್ತಾರೆ, ನಮ್ಮನ್ನು ಬೈಯುತ್ತಾರೆ. ಅಪಘಾತವಾಗಿ ಸಂಚಾರ ನಿಂತಿದ್ದಾಗ ಮಾವನ ಗಳಕ್ಕೆ ಟೇಪು ಕಟ್ಟಿ ನಾನೇ ಅಳೆದೆ. ರಸ್ತೆಯಿಂದ, ಒಡೆಯದೆ ಉಳಿದ ತೊಲೆಯ ತಳದವರೆಗೆ ನಾಲ್ಕು ಮೀಟರ್ ಎಪ್ಪತ್ತೆರಡು ಸೆಂಟಿಮೀಟರ್! ಸೇತುವೆ ಕುಗ್ಗಿಲ್ಲ, ರಸ್ತೆ ಎದ್ದಿದೆ. ಎಬ್ಬಿಸಿದವರು ಯಾರು? ಬೋರ್ಡ್ ತಿದ್ದದೆ ಬಿಟ್ಟವರು ಯಾರು? ಕುರ್ಚಿ ಬಿಟ್ಟು ಏಳದೆ ಆ ಬೋರ್ಡಿನ ಭರವಸೆಯ ಮೇಲೆ ಪರವಾನಗಿ ಕೊಟ್ಟವರು ಯಾರು? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನೀವು ನಗಬಹುದು. ಇಲ್ಲಿ ನೆಲವೇ ಡೊಂಕು ಸ್ವಾಮಿ. ಡೊಂಕು ಮಾಡಿದ ಕೈಯೇ ಬಂದು ಕುಣಿದವನ ಕೊರಳಪಟ್ಟಿ ಹಿಡಿದಿದೆ.

ಮರುದಿನ ಬೆಳಿಗ್ಗೆ, ಬಿದ್ದ ಕಾಂಕ್ರೀಟ್ ಚೂರುಗಳನ್ನು ಎತ್ತುವ ಮೊದಲೇ, ನಿಮ್ಮವರು ಹಳೆಯ ಬೋರ್ಡ್ ಕಳಚಿ ನಾಲ್ಕೂವರೆ ಮೀಟರ್ ಎಂಬ ಹೊಸದನ್ನು ತಗುಲಿಸಿ ಹೋದರು. ತನಿಖೆ ಶುರುವಾಗುವ ಮುಂಚೆಯೇ ಬೋರ್ಡ್ ತಪ್ಪೊಪ್ಪಿಕೊಂಡಿತು. ನಿಮಗಿಂತ ತಗಡಿಗೇ ಮಾನ ಹೆಚ್ಚು.

ಮೊನ್ನೆ ನಿಮ್ಮ ಕಿರಿಯ ಎಂಜಿನಿಯರ್ ಒಬ್ಬರು ಟೈಪು ಮಾಡಿದ ಹೇಳಿಕೆ ಹಿಡಿದು ಮಾವನ ಮನೆಗೆ ಬಂದರು. ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಮಾವ ಮಂಚದ ಮೇಲೆ ಕೂತಿದ್ದರು.

“ಸಹಿ ಹಾಕಿಬಿಡಿ ಯಜಮಾನ್ರೇ. ಆರು ತಿಂಗಳು ಲೈಸೆನ್ಸ್ ಅಮಾನತು, ಅಷ್ಟೇ. ಹಟ ಹಿಡಿದ್ರೆ ರದ್ದೇ ಆಗತ್ತೆ.”

“ಏನು ಬರೆದಿದೆ, ಓದಮ್ಮ,” ಎಂದರು ಮಾವ.

‘ಎಚ್ಚರಿಕೆ ಫಲಕವನ್ನು ಕಡೆಗಣಿಸಿ ಲಾರಿ ಚಲಾಯಿಸಿದೆ’ ಎಂದಿತ್ತು. “ಹಸಿ ಸುಳ್ಳು! ಮುಟ್ಟಬೇಡಿ ಮಾವ!” ಎಂದೆ.

“ನೀನು ಸುಮ್ನಿರೇ, ನಿನ್ನ ಭಾಷಣ ಆಮೇಲೆ ಕೇಳ್ತೀನಿ. ಸಾರ್, ನಂದೂ ತಪ್ಪಿದೆ. ಇಳಿದು ನೋಡ್ಬೇಕಿತ್ತು, ನೋಡ್ಲಿಲ್ಲ. ಸಹಿ ಹಾಕ್ತೀನಿ. ಆದ್ರೆ ‘ಕಡೆಗಣಿಸಿ’ ಅನ್ನೋದು ಹೊಡೆದುಹಾಕಿ, ‘ನಂಬಿ’ ಅಂತ ಬರೀರಿ. ಫಲಕವನ್ನು ನಂಬಿ ಓಡಿಸ್ದೆ ಅಂತ.”

“ಹಾಗೆಲ್ಲ ಬರೆಯೋಕಾಗಲ್ಲ ಯಜಮಾನ್ರೇ.”

“ಯಾಕಂತೆ, ಪೆನ್ನಲ್ಲಿ ಇಂಕಿಲ್ವಾ? ನಮ್ಮ ಹುಡುಗಿ ಹತ್ರ ಬೇಕಾದಷ್ಟಿದೆ, ಕೊಡಿಸ್ಲಾ?” ಎಂದು ಒಳಗಿನಿಂದ ಅತ್ತೆ ಕೇಳಿದರು.

ಸೋಮವಾರ ವಿಚಾರಣೆ, ಅಷ್ಟರೊಳಗೆ ಯೋಚಿಸಿ ಎಂದು ಹೇಳಿ ಎಂಜಿನಿಯರ್ ಕಾಗದ ಮಡಚಿಕೊಂಡು ಹೋದರು.

ಅಧಿಕಾರ ಇರುವ ಕಡೆಯೇ ಹೊಣೆಯೂ ಇರುತ್ತದೆ ಎಂದು ನಾನು ಓದಿದ ಕಿರುಹೊತ್ತಿಗೆಗಳೆಲ್ಲ ಹೇಳುತ್ತವೆ. ಬರೆದವರು ನಿಮ್ಮ ಕಚೇರಿಯ ಮೆಟ್ಟಿಲು ಹತ್ತಿರಲಿಕ್ಕಿಲ್ಲ. ಮಾವ ತಮ್ಮ ಪಾಲಿನ ತಪ್ಪನ್ನು ಯಾರೂ ಕೇಳದೆ ಒಪ್ಪಿಕೊಂಡರು. ನಿಮ್ಮ ಪಾಲು ಎಲ್ಲಿ?

ಸೋಮವಾರಕ್ಕೆ ಮೊದಲು ನೀವೇ ಬನ್ನಿ. ಹಗಲಲ್ಲಿ, ಎಲ್ಲರೆದುರು ಸೇತುವೆ ಅಳೆಯಿರಿ. ಹೇಳಿಕೆಯ ಆ ಒಂದು ಮಾತು ತಿದ್ದಿ, ಹಳೆಯ ಬೋರ್ಡಿನ ಎತ್ತರ ಸುಳ್ಳಾಗಿತ್ತು ಎಂದು ಬರೆದು, ಮಾವನ ಸಹಿಯ ಪಕ್ಕ ನಿಮ್ಮ ಸಹಿ ಹಾಕಿ. ಡಾಂಬರಿನ ಮೇಲೆ ಡಾಂಬರು ಬಿದ್ದಿರುವ ಉಳಿದ ಸೇತುವೆಗಳನ್ನೂ ಅಳೆಸಿ. ಇಲ್ಲವಾದರೆ ಮಾವ ಸಹಿ ಹಾಕುವುದಿಲ್ಲ. ನನ್ನ ಭಾಷಣ ಕೇಳಿ ಅವರು ಹೀಗೆ ತೀರ್ಮಾನಿಸಿದರು ಎಂದುಕೊಳ್ಳಬೇಡಿ. ನಿನ್ನೆ ತಾವಾಗಿಯೇ ಹೇಳಿದರು: “ಲೈಸೆನ್ಸ್ ಹೋದ್ರೆ ಹೋಗ್ಲಿ ಬಿಡು. ಈಗಲೂ ಎಲ್ಲೋ ಒಬ್ಬ ಡ್ರೈವರ್ ಬೋರ್ಡ್ ಓದ್ಕೊಂಡು ಬರ್ತಿರ್ತಾನೆ. ಅವನ ತಲೆ ಮೇಲೆ ನಾನು ಸುಳ್ಳು ಬರೆಯಲ್ಲ.”

ಇಂತಿ,
ತಮ್ಮ ವಿಧೇಯಳು ಎಂದು ಬರೆಯಲು ಕೈ ಬಾರದ,
ಪಂಕ್ಚರ್ ಅಂಗಡಿಯವಳು