ಕಾಫಿ ಕೇಳಿದ ತಿರುವು

ಲುಸ್ತೆರ್
ಅಕ್ಟೋಬರ್ ೨೧, ಮಂಗಳವಾರ

ಪ್ರೀತಿಯ ರಾಗ್ನಾ,

ನೀನೂ ತೂರೆಯೂ, ಗಂಡ ಹೆಂಡತಿ ಹೇಗಿದ್ದೀರಿ? ಚಳಿ ಶುರುವಾದ ಮೇಲೆ ನಿನ್ನ ಮಂಡಿನೋವು ಹೆಚ್ಚಾಗಿರಬೇಕು. ಉಣ್ಣೆಯ ಪಟ್ಟಿ ಕಟ್ಟಿಕೋ, ಚೆಂದ ಕಾಣುವುದಿಲ್ಲ ಎಂದು ಬಿಡಬೇಡ, ನಿನ್ನ ಮಂಡಿಯನ್ನು ಕುರಿಗಳಲ್ಲದೆ ಇನ್ಯಾರು ನೋಡುತ್ತಾರೆ? ಅವೆಲ್ಲ ಮೇಲಿಂದ ಇಳಿದು ಕೊಟ್ಟಿಗೆ ಸೇರಿದವೇ? ಈ ಸಲ ಹಿಮ ಇಷ್ಟು ಬೇಗ ಬೀಳುತ್ತದೆಂದು ಯಾರೂ ಎಣಿಸಿರಲಿಲ್ಲ. ನಿನ್ನ ಅಣ್ಣ ಎರಡು ಸಲ ಫೋನ್ ಮಾಡಿದರು, ನೀನು ಎತ್ತಲಿಲ್ಲ. ನಮ್ಮ ಮನೆಯ ನಂಬರು ಕಂಡರೆ ನೀನು ಎತ್ತುವುದಿಲ್ಲವೆಂದು ಗೊತ್ತು, ಅದು ನನ್ನ ಮೇಲಿನ ಸಿಟ್ಟಲ್ಲವೆಂದೂ ಗೊತ್ತು. ಅದಕ್ಕೇ ಈ ಕಾಗದ. ಸಿಟ್ಟು ಬಂದರೆ ಮೇಜಿನ ಮೇಲೆ ಬಿಸಾಡಬಹುದು, ಸಿಟ್ಟು ಇಳಿದ ಮೇಲೆ ಮತ್ತೆ ಎತ್ತಿಕೊಳ್ಳಬಹುದು. ಪಕ್ಕದ ಮನೆಯ ಯೋರ್ಗೆನ್ ನಾಳೆ ಬೆಳಿಗ್ಗೆ ನಿಮ್ಮ ಕಡೆಗೆ ಹೊರಟಿದ್ದಾನೆ, ದೊಡ್ಡ ಸುತ್ತು ಹಾಕಿ. ಅವನ ಕೈಯಲ್ಲೇ ಕೊಡುತ್ತೇನೆ.

ನಿನ್ನ ಅಣ್ಣ ಏಲಿಫ್ ಹಳೆಯದೊಂದು ಮನೆಗಾಡಿ ಕೊಂಡ ಸುದ್ದಿ ನಿನಗೆ ಮುಟ್ಟಿರಬೇಕು. ನಿವೃತ್ತಿಯಾದ ಗಂಡಸಿಗೆ ಒಂದು ಹುಚ್ಚು ಬೇಕಲ್ಲ, ಇವರಿಗೆ ಇದು. ಒಳಗೆ ಒಂದು ಒಲೆ, ಒಂದು ಮಂಚ, ಕೂತರೆ ಮಂಡಿ ಗೋಡೆಗೆ ತಾಗುವಂಥ ಒಂದು ಶೌಚಾಲಯ. ತಿರುವಿನಲ್ಲಿ ಕಪಾಟಿನ ಬಾಗಿಲುಗಳೆಲ್ಲ ಒಟ್ಟಿಗೆ ತೆರೆದುಕೊಂಡು ನನ್ನ ತಲೆಯ ಮೇಲೆ ತಟ್ಟೆ ಸುರಿಯುತ್ತವೆ. ಹಿಮ ಬೀಳುವ ಮುಂಚೆ ಬೆಟ್ಟ ದಾಟಿ ಲೋಮ್‌ಗೆ ಹೋಗಿ, ಒಂದು ರಾತ್ರಿ ಅಲ್ಲಿದ್ದು ಬರೋಣ ಎಂದು ಹೊರಟಾಗ ಮಾವ ತಾನೂ ಬರುತ್ತೇನೆ ಎಂದರು. ನನಗೆ ಆಶ್ಚರ್ಯ. ಅಂಗಡಿಗೆ ಕರೆದರೂ ಬಾರದ ಮನುಷ್ಯ! ಆದರೆ ಆ ದಾರಿಯಲ್ಲಿ ಮೂವತ್ತು ಬೇಸಿಗೆ ಬಸ್ಸು ಓಡಿಸಿದವರು, ಕೊನೆಯದಾಗಿ ಒಮ್ಮೆ ತಿರುವುಗಳನ್ನು ನೋಡುವ ಆಸೆ ಇರಬಹುದು ಎಂದುಕೊಂಡೆವು.

ಹೊರಡುವ ದಿನ ಬೆಳಿಗ್ಗೆ ಬೆಳ್ಳಿ ಕೊಂಡಿಗಳ ಉಣ್ಣೆಯಂಗಿ ಹಾಕಿಕೊಂಡು, ಗಡ್ಡ ಬೋಳಿಸಿಕೊಂಡು, ತಲೆಗೆ ನೀರು ಹಚ್ಚಿ ಬಾಚಿಕೊಂಡು ಬಂದರು. ಚರ್ಚಿಗೆ ಹೋಗುವುದಲ್ಲ ಮಾವ, ಗಾಡಿಯಲ್ಲಿ ಹೋಗುವುದು ಎಂದು ನಾನು ತಮಾಷೆ ಮಾಡಿದೆ. ಹಿಂದಿನ ದಿನವೇ ನನ್ನ ಹತ್ತಿರ ಲೆಫ್ಸೆ ರೊಟ್ಟಿ ಮಾಡಿಸಿದ್ದರು, ಬೆಣ್ಣೆ ಸಕ್ಕರೆ ಸವರಿ ಮಡಚಿದ್ದು. ಇಷ್ಟು ಸಾಕೇ ಎಂದರೆ ಇನ್ನಷ್ಟು ಮಾಡು, ಇನ್ನಷ್ಟು ಮಾಡು. ಮುದುಕರಿಗೆ ಹಸಿವು ಮರಳಿತು ಎಂದು ನಾನು ಹಿಗ್ಗಿ ಹೀರೇಕಾಯಿಯಾದೆ, ರಾಗ್ನಾ. ಅತ್ತೆ ಹೋದ ಮೇಲೆ ಅವರು ಯಾವುದನ್ನಾದರೂ ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು.

ದಾರಿಯುದ್ದಕ್ಕೂ ಅಪ್ಪ ಮಗನ ಜಗಳ. ಗೇರು ಇಳಿಸು, ಬ್ರೇಕು ಸುಡುತ್ತದೆ ಎಂದು ಮಾವ. ಇದು ನಿಮ್ಮ ಬಸ್ಸಲ್ಲ ಎಂದು ಮಗ. ಹಿಂದೆ ಕಾರುಗಳ ಬಾಲ ಬೆಳೆಯುತ್ತಲೇ ಹೋಯಿತು. ನಿನ್ನ ಅಣ್ಣನಿಗೆ ಬೇರೆಯವರ ದಾರಿಗೆ ಅಡ್ಡವಾದೆನಲ್ಲ ಎಂಬ ನಾಚಿಕೆ ಎಷ್ಟೆಂದು ನಿನಗೆ ಗೊತ್ತು, ಕಿವಿಯೆಲ್ಲ ಕೆಂಪು. ಜಾಗ ಸಿಕ್ಕಲ್ಲೆಲ್ಲ ಬದಿಗೆ ನಿಲ್ಲಿಸಿ ಎಲ್ಲರನ್ನೂ ಮುಂದೆ ಬಿಡುವುದು, ಕೈಯೆತ್ತಿ ಕ್ಷಮೆ ಕೇಳುವುದು. ‘ಇನ್ನು ಆ ರಸ್ತೆಬದಿ ಕುರಿಗಳನ್ನೂ ಮುಂದೆ ಬಿಟ್ಬಿಡು’ ಎಂದರು ಮಾವ. ನಾನು ಹಿಂದೆ ಕೂತು ನಕ್ಕಿದ್ದೇ ನಕ್ಕಿದ್ದು. ಎದುರಿಗೆ ಬಸ್ಸು ಬಂದಾಗಲೆಲ್ಲ ಮಾವ ಎರಡು ಬೆರಳು ಎತ್ತುತ್ತಿದ್ದರು. ಈಗಿನ ಡ್ರೈವರುಗಳಿಗೆ ಅವರ ಗುರುತೆಲ್ಲಿ? ಒಬ್ಬನೂ ತಿರುಗಿ ಎತ್ತಲಿಲ್ಲ. ಮೇಲೆ ಹೊಸ ಹಿಮ ಸಕ್ಕರೆಯಷ್ಟೇ ಬಿದ್ದಿತ್ತು, ಕೆರೆಗಳ ಅಂಚು ಹೆಪ್ಪುಗಟ್ಟಿತ್ತು, ಆಕಾಶ ತೊಳೆದಂತಿತ್ತು. ಬೆಟ್ಟ ದಾಟಿ ನಿಮ್ಮ ಕಡೆಗೆ ಇಳಿಯತೊಡಗಿದಾಗ ಮಾವ ಅಂಗಿಯ ಕೊಂಡಿಗಳನ್ನು ಸರಿಮಾಡಿಕೊಂಡರು.

ನಿಮ್ಮ ಮನೆಯ ಕವಲು ಬರುವ ತಿರುವು ನಮಗೇನು ಗೊತ್ತಿಲ್ಲದ್ದೇ? ನಿಮ್ಮ ಕೆಂಪು ಅಂಚೆಪೆಟ್ಟಿಗೆ ದೂರದಿಂದಲೇ ಕಂಡಿತು. ಏಲಿಫ್ ಏನು ಮಾಡಿದರು ಗೊತ್ತೇ? ಅಪ್ಪನಿಗೆ ಮುಜುಗರವಾಗಬಾರದೆಂದು ಎಂಜಿನ್ನಿನಲ್ಲಿ ಏನೋ ಸದ್ದು ಎಂದು ಸುಳ್ಳೇ ಮಾತು ತೆಗೆದು ಗಾಡಿಯ ವೇಗ ಹೆಚ್ಚಿಸಿದರು. ಆಗಲೇ ಮಾವ ಎಂದದ್ದು: ‘ಈಗೊಂದು ಲೋಟ ಕಾಫಿ ಆಗ್ಬಹುದಿತ್ತು.’ ನಾನಿದ್ದೇನಲ್ಲ ಜಾಣೆ, ಫ್ಲಾಸ್ಕು ತೊಡೆಯ ಮೇಲೆಯೇ ಇಟ್ಟುಕೊಂಡಿದ್ದವಳು! ಅವರು ಬಾಯಿ ಮುಚ್ಚುವುದರೊಳಗೆ ಬಗ್ಗಿಸಿ ಕೈಗೆ ಕೊಟ್ಟೆ, ಹನಿ ಚೆಲ್ಲಲಿಲ್ಲ ಎಂದು ಹೆಮ್ಮೆ ಬೇರೆ. ಅವರು ಲೋಟ ಹಿಡಿದುಕೊಂಡು ಕಿಟಕಿಯ ಆಚೆ ನೋಡುತ್ತಾ ಕೂತರು. ಲೋಮ್ ತಲುಪಿದ ಮೇಲೆ ತಣ್ಣಗಾದ ಕಾಫಿಯನ್ನು ಹುಲ್ಲಿಗೆ ಚೆಲ್ಲಿದರು. ಆಗಲೂ ನನ್ನ ಮಂದಬುದ್ಧಿಗೆ ಹೊಳೆಯಲಿಲ್ಲ.

ನಾನು ಈ ಊರಿನಲ್ಲೇ ಹುಟ್ಟಿ ಬೆಳೆದವಳು, ರಾಗ್ನಾ. ನಮ್ಮ ಗಂಡಸರಿಗೆ ಕಾಫಿ ಎಂದರೆ ಕಾಫಿಯಲ್ಲವೆಂದು ನನಗೆ ಗೊತ್ತಿರಬೇಕಿತ್ತು. ನಿನ್ನ ಅಣ್ಣ ನನ್ನನ್ನು ಕೇಳಲು ನಮ್ಮ ಮನೆಗೆ ಬಂದ ದಿನ ಮದುವೆ ಎಂಬ ಮಾತನ್ನೇ ಎತ್ತಲಿಲ್ಲ. ಕಾಫಿ ಇದೆಯೇ ಎಂದು ಕೇಳಿ ಸಂಜೆಯ ತನಕ ಕೂತರು. ನನ್ನಪ್ಪನಿಗೆ ಅಷ್ಟೇ ಸಾಕಾಯಿತು. ಬೇಲಿ ಜಗಳ ಮುಗಿಸುವುದಿದ್ದರೂ ಕಾಫಿ, ಸತ್ತ ಮನೆಗೆ ಹೋಗುವುದಿದ್ದರೂ ಕಾಫಿ. ‘ಮಗಳ ಮನೆಗೆ ಹೋಗಬೇಕು’ ಎಂದು ಬಾಯಿಬಿಟ್ಟು ಹೇಳಲು ಬಾರದ ಮನುಷ್ಯ ಕಾಫಿ ಕೇಳಿದರು, ನಾನು ಕಾಫಿಯನ್ನೇ ಕೊಟ್ಟೆ. ನನ್ನ ಕೈಗಿಷ್ಟು ಬೆಂಕಿ ಹಾಕ.

ಮರುದಿನ ವಾಪಸ್ಸು ಬರುವಾಗ ಮತ್ತೆ ಅದೇ ತಿರುವು. ಅಷ್ಟರಲ್ಲಿ ಮೋಡ ಕವಿದಿತ್ತು, ಮೇಲೆ ಗಾಳಿ ಎದ್ದಿದೆ, ರಸ್ತೆ ಮುಚ್ಚಬಹುದು ಎಂದು ರೇಡಿಯೋ ಹೇಳುತ್ತಿತ್ತು. ‘ಕಾಫಿ ಹೊತ್ತಾಯ್ತಲ್ವಾ’ ಎಂದರು ಮಾವ. ಮೇಲೆ ಹೋಗಿ ಕುಡಿಯೋಣ ಅಪ್ಪ, ರಸ್ತೆಗೆ ಅಡ್ಡಗಂಬ ಬಿದ್ದರೆ ಈ ಕಡೆಯೇ ಸಿಕ್ಕಿಹಾಕಿಕೊಳ್ಳುತ್ತೇವೆ ಎಂದು ಏಲಿಫ್ ಗಾಡಿ ಓಡಿಸಿದರು. ನಿಮ್ಮ ಹೊಗೆಗೂಡಿನಿಂದ ಹೊಗೆ ಏಳುತ್ತಿದ್ದುದನ್ನು ನಾನು ನೋಡಿದೆ. ಪಾಪ, ರಾಗ್ನಾ ಒಲೆ ಹಚ್ಚಿದ್ದಾಳೆ ಎಂದುಕೊಂಡೆ, ಬಾಯಲ್ಲಿ ಹೇಳಲಿಲ್ಲ. ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಉಳಿದ ದಿನವೆಲ್ಲ ಗಿರಣಿಯಂತೆ ಓಡುವ ನನ್ನ ಬಾಯಿಗೆ ಆ ಒಂದು ತಿರುವಿನಲ್ಲಿ ಬೀಗ ಬಿದ್ದಿತ್ತು.

ಮನೆಗೆ ಬಂದು ಗಾಡಿ ಖಾಲಿ ಮಾಡುವಾಗ ಲೆಫ್ಸೆಯ ಡಬ್ಬಿ ಅರ್ಧ ಹಾಗೇ ಇತ್ತು. ಇಷ್ಟೊಂದು ಮಾಡಿಸಿ ತಿನ್ನಲೇ ಇಲ್ಲವಲ್ಲ ಮಾವ ಎಂದು ಗೊಣಗಿದೆ. ಅವರು ಬೂಟಿನ ದಾರ ಬಿಚ್ಚುತ್ತಾ, ತಲೆಯೆತ್ತದೆ, ‘ಐದು ಜನಕ್ಕೆ ಅಂತ ಇತ್ತು’ ಎಂದರು. ನಾವು ಮೂವರು, ನೀನು, ತೂರೆ. ನಾನು ಡಬ್ಬಿ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತೇಬಿಟ್ಟೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಏಲಿಫ್‌ಗೆ ಹೇಳಿದಾಗ ಅವರ ಮುಖ ನೋಡಲಾಗಲಿಲ್ಲ. ನಾಳೆಯೇ ಹೋಗೋಣ, ಬೆಳಿಗ್ಗೆಯೇ ಹೋಗೋಣ ಎಂದರು. ಬೆಳಿಗ್ಗೆ ನೋಡಿದರೆ ಊರೆಲ್ಲ ಬಿಳಿ.

ಆದರೂ ಮಾವ ಅದೇ ಅಂಗಿ ತೊಟ್ಟು, ಯಾರನ್ನೂ ಕೇಳದೆ, ಗಾಡಿಯ ಮುಂದಿನ ಸೀಟಿನಲ್ಲಿ ಹೋಗಿ ಕೂತಿದ್ದರು. ಇಳಿಯಿರಿ ಎನ್ನುವ ಧೈರ್ಯ ನಮಗಿಬ್ಬರಿಗೂ ಆಗಲಿಲ್ಲ. ಮೇಲೆ ಹೋದೆವು. ಅಡ್ಡಗಂಬ ಬಿದ್ದಿತ್ತು, ಕೆಂಪು ದೀಪ ಮಿನುಗುತ್ತಿತ್ತು, ಅದರಾಚೆ ರಸ್ತೆ ಎಲ್ಲಿ, ಬೆಟ್ಟ ಎಲ್ಲಿ ಎಂದು ತಿಳಿಯದಂಥ ಬಿಳುಪು. ಏಲಿಫ್ ಎಂಜಿನ್ ನಿಲ್ಲಿಸಿದರು. ಅತ್ತೆಯ ಮಣ್ಣಿನ ದಿನ ನೀನು ಬೆಟ್ಟದ ಆ ಕಡೆ ಇಂಥದೇ ಕಂಬದ ಮುಂದೆ ಕಾರಿನಲ್ಲಿ ದಿನವಿಡೀ ಕಾದದ್ದು ನನಗೆ ನೆನಪಾಗದೆ ಇರುತ್ತದೆಯೇ? ಆವತ್ತು ರಾತ್ರಿ ನೀನು ಅಳುತ್ತಾ ಫೋನ್ ಮಾಡಿದಾಗ ಮಾವ ನಿನಗೆ ಹೇಳಿದ ಮಾತೂ ನೆನಪಿದೆ. ‘ನಾನಾಗಿದ್ರೆ ದಾಟಿ ಬರ್ತಿದ್ದೆ.’ ಆ ಒಂದು ಮಾತಿಗೆ ನಾಲ್ಕು ವರ್ಷ ನೀನು ಇತ್ತ ಕಾಲಿಡಲಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೂ ಇಡುತ್ತಿರಲಿಲ್ಲ, ಇದನ್ನು ನಿನ್ನ ಅಣ್ಣನ ಎದುರಿಗೇ ಹೇಳಿದ್ದೇನೆ.

ಮಾವ ಬಹಳ ಹೊತ್ತು ಕಂಬವನ್ನೇ ನೋಡಿದರು. ಗಾಳಿಗೆ ಗಾಡಿ ಅಲುಗುತ್ತಿತ್ತು. ಆಮೇಲೆ ‘ಅವ್ಳು ಹೀಗೇ ಕೂತಿದ್ಳಾ?’ ಎಂದರು. ಯಾರನ್ನು ಕೇಳಿದರೋ ತಿಳಿಯದು. ಹೌದು ಮಾವ, ಒಬ್ಬಳೇ, ಕತ್ತಲಾಗುವ ತನಕ ಎಂದೆ ನಾನು. ಅವರು ತಲೆ ಆಡಿಸಿದರು. ‘ಇದನ್ನ ಯಾವನೂ ದಾಟಕ್ಕಾಗಲ್ಲ’ ಎಂದರು. ‘ನಾನೂ ದಾಟ್ತಿರ್ಲಿಲ್ಲ.’ ಅಷ್ಟೇ. ನಿನ್ನ ಅಣ್ಣ ಸ್ಟಿಯರಿಂಗಿನ ಮೇಲೆ ತಲೆಯಿಟ್ಟುಕೊಂಡರು. ಆ ಮಾತನ್ನು ನಿನ್ನ ಮನೆಯ ಮೇಜಿನ ಮುಂದೆ ಕೂತು ನಿನಗೇ ಹೇಳಬೇಕಿತ್ತು ಅವರು, ಅದಕ್ಕೇ ಹೊರಟಿದ್ದರು. ಎರಡು ಸಲ ನಿನ್ನ ಬಾಗಿಲ ಮುಂದಿನಿಂದ ಹಾದುಹೋಗಿ, ನಮ್ಮ ಅತಿಜಾಣತನದಿಂದ, ಹಿಮದ ಎದುರು ಹೇಳುವಂತಾಯಿತು.

ಈಗ ಮಾವ ಸ್ವಲ್ಪ ದಣಿದಿದ್ದಾರೆ, ಮಲಗಿದ್ದಾರೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಬೆಟ್ಟದ ರಸ್ತೆ ಇನ್ನು ಬೇಸಿಗೆಗೇ ತೆರೆಯುವುದಂತೆ. ತೂರೆಯನ್ನು ಕೇಳಿದೆ ಎಂದು ಹೇಳು. ಕುರಿಗಳ ಹಿಂದೆ ಓಡಬೇಡ, ಅವನನ್ನೇ ಓಡಿಸು. ನಿನಗೆ ಒಳ್ಳೆಯದಾಗಲಿ, ಮನೆ ಬೆಚ್ಚಗಿರಲಿ.

ನಿನ್ನ ಅತ್ತಿಗೆ,
ಓಡ್ನಿ

ಮರೆತದ್ದು: ಮರೆತದ್ದಲ್ಲ, ಬರೆಯಬೇಡ ಎಂದಿದ್ದರು. ನಿನ್ನನ್ನು ಹೆದರಿಸಬಾರದೆಂದು ಏಲಿಫ್, ಅವಳಿಗೆ ಕುರಿ ಕೆಲಸ ಇರುತ್ತದೆ, ತೊಂದರೆ ಕೊಡಬೇಡ ಎಂದು ಮಾವ. ಯೋರ್ಗೆನ್ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಅಪ್ಪ ಮಗ ಇಬ್ಬರೂ ಮಲಗಿದ್ದಾರೆ, ಬರೆದೇಬಿಡುತ್ತೇನೆ. ಬೆಟ್ಟದಿಂದ ಇಳಿದ ದಿನವೇ ಮಾವನಿಗೆ ಉಸಿರು ಕಟ್ಟಿತು. ಶ್ವಾಸಕೋಶದಲ್ಲಿ ನೀರು, ಹೃದಯ ಸೋತಿದೆ ಎಂದರು ಡಾಕ್ಟರು. ಆಸ್ಪತ್ರೆ ಬೇಡ ಎಂದು ಮಾವನೇ ಹಟ ಹಿಡಿದಿದ್ದಾರೆ. ಬೇಸಿಗೆಯ ಮಾತು ಯಾರೂ ಆಡುತ್ತಿಲ್ಲ. ಯೋರ್ಗೆನ್ ನಾಳಿದ್ದು ಅದೇ ಸುತ್ತುದಾರಿಯಲ್ಲಿ ವಾಪಸ್ಸು ಬರುತ್ತಾನೆ, ಪಕ್ಕದ ಸೀಟು ನಿನಗಾಗಿ ಖಾಲಿ ಇಡಲು ಹೇಳಿದ್ದೇನೆ. ಬಾ. ನೀನು ಬಂದಾಗ ಅವರು ಆ ಮಾತನ್ನು ಮತ್ತೆ ಆಡಲಿಕ್ಕಿಲ್ಲ, ಗೋಡೆಯ ಕಡೆ ತಿರುಗಿ ಮಲಗಿಯಾರು, ನನಗೆ ಆ ಮನುಷ್ಯ ಗೊತ್ತು. ಎದ್ದು ಹೋಗಬೇಡ ರಾಗ್ನಾ. ಕೂತಿರು.